ಮೂವತ್ತೇಳು ಕಾರ್ಡು, ಮೂರು ಫೋನು

ನನ್ನ ಅಕ್ಕನ ಮಗಳಿಗೆ ಒಂದು ಒಳ್ಳೆಯ ಹೆಸರಿದೆ. ಅದು ಅವಳ ಡಿಗ್ರಿ ಸರ್ಟಿಫಿಕೇಟಿನಲ್ಲಿ ಭದ್ರವಾಗಿದೆ, ಹೊರಗೆ ಯಾರೂ ಬಳಸಿದ್ದಿಲ್ಲ. ನಮಗೆಲ್ಲ ಅವಳು ಆದ್ರಮ್ಮ. ಮಾತು ಕಲಿತ ದಿನದಿಂದ ಅವಳು ಯಾವುದನ್ನೂ ಮೊದಲ ಸಲಕ್ಕೆ ಒಪ್ಪಿದವಳಲ್ಲ. "ಔಷಧಿ ಕುಡಿ ಪುಟ್ಟಿ, ಜ್ವರ ಹೋಗುತ್ತೆ" ಎಂದರೆ, "ಆದ್ರೆ ಎಲ್ಲಿಗೆ ಹೋಗುತ್ತೆ?" ಎನ್ನುತ್ತಿದ್ದಳು. ಡಾಕ್ಟರನ್ನೂ ಇದನ್ನೇ ಕೇಳಿದಳು. ಅವರು ಸುಮ್ಮನೆ ಇನ್ನೊಂದು ಔಷಧಿ ಬರೆದುಕೊಟ್ಟು ಕಳಿಸಿದರು.

ಇಂಥ ಹುಡುಗಿ ಕಂಪ್ಯೂಟರ್ ಓದಿ, ಒಳ್ಳೆಯ ಅಂಕ ತೆಗೆದು, ಕಾಲೇಜಿನಿಂದ ಹೊರಗೆ ಬಂದು ಎಂಟು ತಿಂಗಳಾಗಿತ್ತು. ಕೆಲಸ ಮಾತ್ರ ಸಿಕ್ಕಿರಲಿಲ್ಲ. ಮನೆಯಲ್ಲಿ ಕೂತರೆ ಅಕ್ಕ ಗಂಟೆಗೊಂದು ನಿಟ್ಟುಸಿರು ಬಿಡುತ್ತಾಳೆ, ಆ ಗಾಳಿಯಲ್ಲಿ ಅರ್ಜಿ ಬರೆಯಲು ಆಗುವುದಿಲ್ಲ ಎಂದು ಲ್ಯಾಪ್‌ಟಾಪು ಎತ್ತಿಕೊಂಡು ನನ್ನ ಅಂಗಡಿಗೆ ಬಂದು ಕೂರತೊಡಗಿದಳು.

ನನ್ನದು ಅಂಗಿ ಗುಂಡಿಗಳ ಅಂಗಡಿ. ಜೊತೆಗೆ ಜಿಪ್ಪು, ಹುಕ್ಕು, ದಾರ, ಲೇಸು. ನೆಲದಿಂದ ಸೂರಿನವರೆಗೆ ಗೋಡೆಯೇ ಕಾಣದ ಹಾಗೆ ರಟ್ಟಿನ ಸಣ್ಣ ಡಬ್ಬಗಳು. ಪ್ರತಿ ಡಬ್ಬದ ಮೂತಿಗೂ ಒಳಗಿರುವ ಗುಂಡಿಯದೇ ಒಂದು ಮಾದರಿಯನ್ನು ದಾರದಲ್ಲಿ ಹೊಲಿದಿರುತ್ತೇವೆ. ಹೆಸರು ಬರೆಯುವುದಿಲ್ಲ. ಮಾತು ಮೋಸ ಮಾಡುತ್ತೆ, ಮಾದರಿ ಮಾಡಲ್ಲ ಎನ್ನುವುದು ನಮ್ಮಪ್ಪನ ಕಾಲದ ನಿಯಮ. "ತಿಳಿ ನೀಲಿ" ಎಂದು ಬರೆದಿಟ್ಟರೆ ಹತ್ತು ಜನಕ್ಕೆ ಹತ್ತು ನೀಲಿ ಕಾಣುತ್ತದೆ, ಹೊಲಿದಿಟ್ಟರೆ ಒಂದೇ ನೀಲಿ. ಬಣ್ಣ ಹೊಂದಿಸಲು ಬಂದ ಗಿರಾಕಿಯನ್ನು ಒಳಗಿನ ದೀಪದ ಕೆಳಗೆ ನಿಲ್ಲಿಸುವುದಿಲ್ಲ, ಬಾಗಿಲಿಗೆ ಕರೆದುಕೊಂಡು ಹೋಗಿ ಬಿಸಿಲಿನಲ್ಲಿ ತೋರಿಸುತ್ತೇವೆ. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಗುಂಡಿಗಳೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಬೀದಿಗೆ ಬಂದ ಮೇಲೆಯೇ ಅವುಗಳ ಜಗಳ ಗೊತ್ತಾಗುವುದು.

ಹಿಂದುಗಡೆ, ಲೇಸಿನ ಸುರುಳಿಗಳಿಗೂ ಏಣಿಗೂ ನಡುವೆ, ಒಂದು ಪುಟ್ಟ ಮೇಜಿತ್ತು. ಅದೇ ಅವಳ ಆಫೀಸಾಯಿತು. ಅಲ್ಲಿಂದ ಅವಳು ನೂರ ನಲವತ್ತು ಅರ್ಜಿ ಕಳಿಸಿದಳು. ಉತ್ತರ ಬಂದಾಗಲೆಲ್ಲ ನನಗೆ ಓದಿ ಹೇಳುವುದು ಪದ್ಧತಿ.

"ಮಾಮ, ಇದ್ ಕೇಳು. ನಿಮ್ಮ ಅರ್ಜಿಯನ್ನು ನಮ್ಮ ತಂಡ ಕೂಲಂಕಷವಾಗಿ ಪರಿಶೀಲಿಸಿತು, ವಿಷಾದಿಸುತ್ತೇವೆ, ಅಂತೆ."

"ಮರ್ಯಾದಸ್ಥರು ಬಿಡು. ಉತ್ತರ ಆದ್ರೂ ಕೊಟ್ರಲ್ಲ."

"ಆದ್ರೆ ನಾನು ಕಳಿಸಿದ್ದು ಹನ್ನೊಂದೂ ಎರಡಕ್ಕೆ. ಇದು ಬಂದಿದ್ದು ಹನ್ನೊಂದೂ ಆರಕ್ಕೆ."

"ನಾಲ್ಕೇ ನಿಮಿಷಕ್ಕೆ ಕೂಲಂಕಷ! ಎಂಥಾ ಚುರುಕಾದ ತಂಡ ಕಣೇ. ಅಂಥವರಿಗೆ ನೀನ್ಯಾಕೆ ಬೇಕು?"

ಎಲ್ಲ ಜಾಹೀರಾತುಗಳಲ್ಲೂ ಒಂದೇ ರಾಗ. ಹೊಸಬರು ಬೇಕು, ಎರಡು ವರ್ಷದ ಅನುಭವ ಇರಬೇಕು. ನಾನೂ ಮೂವತ್ತೈದು ವರ್ಷದಿಂದ ವ್ಯಾಪಾರ ಮಾಡಿದ್ದೇನೆ. ಹೊಸ ಗುಂಡಿ ಬೇಕು, ಆದರೆ ಎರಡು ವರ್ಷ ಯಾರದಾದರೂ ಅಂಗಿಯ ಮೇಲೆ ಇದ್ದಿರಬೇಕು ಎಂದು ಕೇಳಿದ ಗಿರಾಕಿಯನ್ನು ಇದುವರೆಗೆ ಕಂಡಿಲ್ಲ.

ಒಂದೇ ಒಂದು ಕಡೆ ಸಂದರ್ಶನದವರೆಗೆ ಹೋಗಿದ್ದಳು. ಆರು ಮಹಡಿಯ ಗಾಜಿನ ಕಟ್ಟಡ. ಈ ಕಟ್ಟಡದಲ್ಲಿ ಎಷ್ಟು ಕಿಟಕಿ ಇರಬಹುದು, ಅಂದಾಜು ಹೇಳಿ ಎಂದರಂತೆ. ಉಳಿದವರೆಲ್ಲ ಐನೂರು, ಎಂಟುನೂರು ಎಂದು ಬಾಯಿಗೆ ಬಂದದ್ದು ಹೇಳಿ ನಗುಮುಖದಿಂದ ಹೊರಗೆ ಬಂದರು. ಇವಳು ಮಾತ್ರ, "ಆದ್ರೆ ಕಿಟಕಿ ಅಂದ್ರೆ ಯಾವುದು ಸಾರ್? ತೆರೆಯೋಕೆ ಬರೋದಾ, ಬರೀ ಗಾಜಾ? ಬರೀ ಗಾಜಾದ್ರೆ ಲಿಫ್ಟಿಂದೂ ಸೇರುತ್ತಾ?" ಎಂದು ಕೇಳಿದಳು. ತಂಡಕ್ಕೆ ಹೊಂದಿಕೆಯಾಗುವುದಿಲ್ಲ ಎಂದು ಬರೆದು ಕಳಿಸಿದರು.

ಆ ಕಾಗದ ಬಂದ ವಾರವೇ ಭಾವ ಬಾಯಿ ತೆರೆದರು. ಅಕ್ಕನ ಗಂಡ ಮಿತಭಾಷಿ. ಶೀತಲ ಗೋದಾಮಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಗೇಟಿನ ರಿಜಿಸ್ಟರ್ ಬರೆಯುತ್ತಾ, ಮಾತೂ ಅದೇ ತಾಪಮಾನಕ್ಕೆ ಬಂದುಬಿಟ್ಟಿತ್ತು.

"ನಮ್ಮಲ್ಲೇ ಇನ್ನೊಂದು ಗೇಟು ಆಗ್ತಾ ಇದೆ. ಮ್ಯಾನೇಜರ್ ಹತ್ರ ಮಾತಾಡಿದೀನಿ. ಒಂದನೇ ತಾರೀಖು ಒಂಬತ್ತು ಗಂಟೆಗೆ ಹಾಜರಾಗ್ಬೇಕು. ಕಾಯಂ ಕೆಲಸ."

"ಆದ್ರೆ ಅಪ್ಪ..."

"ಮಾತು ಕೊಟ್ಟಾಗಿದೆ. ಸದ್ಯಕ್ಕೆ ಸೇರ್ಕೋ. ಬೇರೆ ಸಿಕ್ಕಿದ್ ಮೇಲೆ ಬಿಡು."

ಅಂಗಡಿಗೆ ಬಂದ ಆದ್ರಮ್ಮ ಲ್ಯಾಪ್‌ಟಾಪು ತೆರೆಯುತ್ತಾ ಹೇಳಿದಳು: "ಮಾಮ, ಅಪ್ಪನೂ ಸದ್ಯಕ್ಕೆ ಅಂತಾನೇ ಸೇರಿದ್ದು."

ಕ್ಯಾಲೆಂಡರ್ ನೋಡಿದೆ. ಒಂದನೇ ತಾರೀಖಿಗೆ ಇನ್ನು ಇಪ್ಪತ್ತೈದು ದಿನ.

ಆ ನಡುವೆ ಟೈ ಕಟ್ಟಿದ ಒಬ್ಬ ಮಾರಾಟದವನು ಅಂಗಡಿಗೆ ಬಂದ. ಅಂಗಡಿಗಳ ಸ್ಟಾಕು ನೋಡಿಕೊಳ್ಳುವ ಹೊಸ ಸಾಫ್ಟ್‌ವೇರಂತೆ. ಯಾವ ಡಬ್ಬದಲ್ಲಿ ಎಷ್ಟು ಗುಂಡಿ ಇದೆ ಎನ್ನುವುದನ್ನು ಕೂತಲ್ಲೇ ಹೇಳುತ್ತದೆ, ಹದಿನೈದು ದಿನ ಪುಕ್ಕಟೆ ನೋಡಬಹುದು ಎಂದ. ಎಲ್ಲಿ ಏನಿದೆ ಎಂದು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಆದರೂ ಪುಕ್ಕಟೆ ಎಂದ ಮೇಲೆ ಬೇಡ ಎನ್ನಲು ನಾಲಿಗೆ ಏಳಬೇಕಲ್ಲ. ಹಾಕಿಸಿಕೊಂಡೆ. ಅವನು ಕೊಟ್ಟ ವಿಸಿಟಿಂಗ್ ಕಾರ್ಡು ಗಟ್ಟಿ ಕಾಗದದ್ದು. ನಮ್ಮ ಸ್ಟೂಲಿನ ಒಂದು ಕಾಲು ಗಿಡ್ಡ. ಮಡಿಸಿ ಅದರ ಕೆಳಗಿಟ್ಟೆ, ಸರಿಹೋಯಿತು.

"ನೀನೇ ನೋಡಮ್ಮ ಇದನ್ನ, ಕೈ ಪಳಗುತ್ತೆ" ಎಂದು ಅವಳಿಗೆ ಒಪ್ಪಿಸಿದೆ.

ನಾಲ್ಕನೇ ದಿನ ಟೈಲರ್ ಮಾಸ್ಟರ್ ಬಂದರು. ನಮ್ಮ ಹಳೆಯ ಗಿರಾಕಿ, ಕುತ್ತಿಗೆಯಲ್ಲಿ ಸದಾ ಟೇಪು, ಬಾಯಲ್ಲಿ ಸದಾ ಬೈಗುಳ. ಹಿಂದಿನ ದಿನ ಒಯ್ದ ಪೊಟ್ಟಣವನ್ನು ಕೌಂಟರ್ ಮೇಲೆ ಸುರಿದರು.

"ಏನ್ರೀ ಸಾಹುಕಾರ್ರೇ, ಕಣ್ಣು ಹೋಯ್ತಾ, ಧಿಮಾಕು ಬಂತಾ? ಒಂದೇ ಅಂಗಿಗೆ ಎರಡು ಬಿಳಿ ಕೊಟ್ಟಿದೀರಲ್ಲ!"

ಬಾಗಿಲಿಗೆ ಹೋಗಿ ನೋಡಿದೆ. ನಿಜ. ಆರು ಗುಂಡಿ ಹಾಲುಬಿಳಿ, ಆರು ಮುತ್ತುಬಿಳಿ. ನಮ್ಮಲ್ಲಿ ಹನ್ನೊಂದು ಬಿಳಿ ಇವೆ. ಸಾಫ್ಟ್‌ವೇರಿಗೆ ಗೊತ್ತಿದ್ದ ಬಿಳಿ ಒಂದೇ. ಹನ್ನೊಂದನ್ನೂ ಕೂಡಿಸಿ, ಹಾಲುಬಿಳಿ ಡಬ್ಬದಲ್ಲಿ ಆರೇ ಉಳಿದಿದ್ದಾಗ, ಬೇಕಾದಷ್ಟಿದೆ ಎಂದು ತೋರಿಸಿತ್ತು. ಉಳಿದ ಆರನ್ನು ಪಕ್ಕದ ಡಬ್ಬದಿಂದ ತೆಗೆ ಎಂದಿತ್ತು. ಅದನ್ನು ನಂಬಿ, ಡಬ್ಬದ ಮೂತಿ ನೋಡದೆ ಕಟ್ಟಿಕೊಟ್ಟವನು ನಾನು.

ನಾನು ಮಾಸ್ಟರಿಗೆ ಟೀ ತರಿಸಿ ಸಮಾಧಾನ ಮಾಡುತ್ತಿದ್ದರೆ, ಆದ್ರಮ್ಮನ ಮುಖದಲ್ಲಿ ಎಂಟು ತಿಂಗಳಲ್ಲಿ ಕಾಣದ ಕಳೆ ಬಂದಿತ್ತು. ಅಂದಿನಿಂದ ಆ ಸಾಫ್ಟ್‌ವೇರಿನ ಬೆನ್ನು ಹತ್ತಿದಳು. ಅರ್ಧ ಡಜನ್ ಮಾರಿದರೆ ಏನಾಗುತ್ತೆ? ಗಿರಾಕಿ ಮೂರು ಗುಂಡಿ ವಾಪಸ್ ತಂದರೆ? ಮಾರಿದ್ದಕ್ಕಿಂತ ಹೆಚ್ಚು ವಾಪಸ್ ತಂದರೆ? ಎರಡು ಸಲ ಒಂದೇ ಕೀಲಿ ಒತ್ತಿದರೆ?

"ಮಾರಿದ್ದಕ್ಕಿಂತ ಜಾಸ್ತಿ ಯಾರೇ ವಾಪಸ್ ತರ್ತಾರೆ?" ಎಂದೆ.

"ತರಲ್ಲ. ಆದ್ರೆ ತಂದ್ರೆ?"

ಸಿಕ್ಕ ತಪ್ಪುಗಳನ್ನೆಲ್ಲ ಬರೆದಿಟ್ಟಳು. ಬರೆದದ್ದು ನಮ್ಮ ಖಾಲಿ ಗುಂಡಿ ಕಾರ್ಡುಗಳ ಹಿಂದೆ. ಗುಂಡಿಗಳು ಕಾರ್ಖಾನೆಯಿಂದ ದಪ್ಪ ರಟ್ಟಿನ ಕಾರ್ಡಿಗೆ ಹೊಲಿದು ಬರುತ್ತವೆ. ಬಿಚ್ಚಿ ಮಾರಿದ ಮೇಲೆ ರಟ್ಟು ಉಳಿಯುತ್ತದೆ. ಒಂದು ತಪ್ಪಿಗೆ ಒಂದು ಕಾರ್ಡು. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಮತ್ತೆ ಹಾಗೇ ಆಗಬೇಕಾದರೆ ಏನು ಮಾಡಬೇಕು, ಹೀಗೆ ನಾಲ್ಕು ಸಾಲು. ಕೆಳಗೆ ಅಂಗಡಿಯ ನಿಯಮದಂತೆ ಮಾದರಿ. ಯಾವ ಗುಂಡಿಯ ವಿಷಯದಲ್ಲಿ ತಪ್ಪಾಯಿತೋ ಅದೇ ಗುಂಡಿಯನ್ನು ಸೂಜಿ ದಾರ ತೆಗೆದುಕೊಂಡು ಕಾರ್ಡಿಗೆ ಹೊಲಿದಳು. ಬಿಳಿಯ ಕಾರ್ಡಿನಲ್ಲಿ ಎರಡು ಗುಂಡಿ, ಹಾಲು ಮತ್ತು ಮುತ್ತು, ಅಕ್ಕಪಕ್ಕ.

"ಇದೆಲ್ಲ ಯಾಕೆ? ಬರೆದ್ರೆ ಸಾಲ್ದಾ?"

"ಮಾತು ಮೋಸ ಮಾಡುತ್ತೆ ಮಾಮ" ಎಂದಳು, ಹಲ್ಲಿನಲ್ಲಿ ದಾರ ಕಡಿಯುತ್ತಾ.

ಹದಿನೈದು ದಿನಕ್ಕೆ ಮೂವತ್ತೇಳು ಕಾರ್ಡಾಯಿತು. ಇವನ್ನು ಚೆನ್ನಾಗಿ ಫೋಟೋ ತೆಗೆದು, ಮುಂದಿನ ಅರ್ಜಿಗಳ ಜೊತೆ ಕಳಿಸುತ್ತೇನೆ, ಅನುಭವ ಎಲ್ಲಿ ಎಂದು ಕೇಳಿದವರಿಗೆ ಇದೇ ನನ್ನ ಅನುಭವ ಎನ್ನುತ್ತೇನೆ ಎಂದು ಒಂದು ಡಬ್ಬದಲ್ಲಿ ಜೋಡಿಸಿಟ್ಟಿದ್ದಳು. ಅವಳು ಊಟಕ್ಕೆ ಮನೆಗೆ ಹೋದ ಹೊತ್ತಿನಲ್ಲೇ ಟೈನವನು ವಾಪಸ್ ಬಂದ. ಹದಿನೈದು ದಿನ ಆಯಿತು, ಖರೀದಿಸುತ್ತೀರಾ ಎಂದ.

ವ್ಯಾಪಾರಿಯ ಕೈಗೆ ಎದುರಾಳಿಯ ಹುಳುಕು ಸಿಕ್ಕಿದರೆ ಅವನು ಸುಮ್ಮನಿರುವುದು ಸಾಧ್ಯವೇ? ಡಬ್ಬ ತೆಗೆದು ಅವನ ಮುಂದೆ ಕುಕ್ಕಿದೆ.

"ನಮ್ಮ ಟೆಕ್ನಿಕಲ್ ವಿಭಾಗದವರು ನೋಡಿದಾರೆ. ಮೂವತ್ತೇಳು ತಪ್ಪು. ಇವೆಲ್ಲ ರಿಪೇರಿ ಮಾಡಿ, ಆಮೇಲೆ ಇನ್ನೊಂದು ತಿಂಗಳು ಪುಕ್ಕಟೆ ಟ್ರಯಲ್ ಕೊಡಿ. ಆಗ ಯೋಚನೆ ಮಾಡೋಣ."

"ಸಾರ್, ನಿಮ್ಮ... ಟೆಕ್ನಿಕಲ್ ವಿಭಾಗ?" ಎಂದು ಅವನು ಡಬ್ಬಗಳ ನಡುವೆ ಇಣುಕಿ ನೋಡಿದ. ಅಲ್ಲಿ ಏಣಿ ಬಿಟ್ಟರೆ ಏನೂ ಇರಲಿಲ್ಲ. ಡಬ್ಬ ಎತ್ತಿಕೊಂಡು ಹೋದ.

ಊಟ ಮುಗಿಸಿ ಬಂದವಳಿಗೆ ಹೆಮ್ಮೆಯಿಂದ ಹೇಳಿದೆ. ಅವಳ ಮುಖ ಬಿಳುಚಿತು. ಹನ್ನೊಂದರಲ್ಲಿ ಯಾವ ಬಿಳಿ ಎಂದು ಹೇಳಲಾರೆ.

"ಫೋಟೋ ಇನ್ನೂ ತೆಗ್ದಿರ್ಲಿಲ್ಲ ಮಾಮ."

"ಕೇಳಿ ವಾಪಸ್ ತರಿಸ್ಕೊಡ್ತೀನಿ ಬಿಡು."

"ಅದು ನಿನ್ನ ಸಾಮಾನಲ್ಲ. ನಂದು."

ಅಷ್ಟೇ ಹೇಳಿ ಮೇಜಿಗೆ ಹೋಗಿ ಕೂತಳು. ಅಂದಿನಿಂದ ನನ್ನ ಹತ್ತಿರ ಮಾತು ಹೂಂ, ಉಹೂಂಗಳಿಗೆ ಇಳಿಯಿತು. ಭಾವನ ರಕ್ತ ಎಂದುಕೊಂಡೆ.

ಎರಡು ದಿನದ ಮೇಲೆ ಅಂಗಡಿಯ ಫೋನು ಬಡಿಯಿತು. ಹೆಂಗಸಿನ ದನಿ, ಆ ಸಾಫ್ಟ್‌ವೇರ್ ಕಂಪನಿಯಿಂದ.

"ಆ ಕಾರ್ಡು ಬರೆದವರ ಹತ್ತಿರ ಮಾತಾಡಬಹುದಾ?"

ನಮ್ಮ ಬೀದಿಯಲ್ಲಿ ಒಂದು ಸಿದ್ಧಾಂತವಿದೆ. ಮೊದಲು ಫೋನು ಮಾಡಿದವನು ಆಗಲೇ ಅರ್ಧ ಸೋತ. ಅವನನ್ನು ಮೂರು ಸಲ ಅಲೆದಾಡಿಸಿದರೆ ಉಳಿದ ಅರ್ಧವೂ ಸೋಲುತ್ತಾನೆ. ಇವರು ಇನ್ನೊಂದು ತಿಂಗಳ ಟ್ರಯಲ್ ವಿಷಯದಲ್ಲಿ ಚೌಕಾಸಿಗೆ ಬಂದಿದ್ದಾರೆ ಎಂದು ಖಾತ್ರಿಯಾಯಿತು.

"ಅವರು ಊರಲ್ಲಿಲ್ಲ" ಎಂದೆ.

ಮತ್ತೆರಡು ದಿನಕ್ಕೆ ಇನ್ನೊಮ್ಮೆ. "ಬಂದಿದ್ದಾರಾ?"

"ಬಂದಿದ್ರು. ಮತ್ತೆ ಹೋದ್ರು. ಬಹಳ ಬಿಜಿ ಇರೋ ಮನುಷ್ಯ."

ಮೂರನೆಯ ಸಲ ಆಕೆಯ ದನಿಯಲ್ಲಿ ಸ್ವಲ್ಪ ಆತುರವೇ ಇತ್ತು. ನನಗೆ ಒಳಗೊಳಗೇ ಖುಷಿ.

"ದಯವಿಟ್ಟು ಒಂದು ನಂಬರ್ ಕೊಡ್ತೀರಾ?"

"ನಂಬರ್ ಎಲ್ಲ ಕೊಡೋದಿಲ್ಲ ಮೇಡಂ. ಮುಂದಿನ ವಾರ ನೋಡೋಣ."

ವ್ಯವಹಾರ ಕುದುರುವ ಮುನ್ನ ಬಾಯಿ ಬಿಡುವುದು ನನ್ನ ಅಭ್ಯಾಸವಲ್ಲ. ಮಾತು ಬಿಟ್ಟ ಹುಡುಗಿಗೆ ಹೇಳುವುದಾದರೂ ಏನನ್ನು? ಮೂರು ಸಲವೂ ಅವಳು ಹತ್ತು ಅಡಿ ದೂರದಲ್ಲೇ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನೂರ ನಲವತ್ತೆರಡನೆಯದೋ ಮೂರನೆಯದೋ ಅರ್ಜಿ ತುಂಬುತ್ತಿದ್ದಳು.

ಮೂವತ್ತನೇ ತಾರೀಖು ಬಂತು. ಆ ತಿಂಗಳಿಗೆ ಮೂವತ್ತೊಂದು ಇರಲಿಲ್ಲ. ಮಧ್ಯಾಹ್ನ ಆದ್ರಮ್ಮ ಮೇಜು ಖಾಲಿ ಮಾಡತೊಡಗಿದಳು. ಚಾರ್ಜರ್ ಸುತ್ತಿದಳು, ಪೆನ್ನುಗಳನ್ನು ಎತ್ತಿಟ್ಟಳು, ಬಟ್ಟೆ ತೆಗೆದುಕೊಂಡು ಮೇಜು ಒರೆಸಿದಳು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು.

"ನಾಳೆಯಿಂದ ಬರಲ್ಲ ಮಾಮ. ಜಾಗ ಕೊಟ್ಟಿದ್ದಕ್ಕೆ ಥ್ಯಾಂಕ್ಸ್."

ಸ್ವಂತ ಸೋದರಮಾವನಿಗೆ ಥ್ಯಾಂಕ್ಸ್! ಬೈದಿದ್ದರೆ ಒಳ್ಳೆಯದಿತ್ತು. ಏನಾದರೂ ಹೇಳಿ ನಗಿಸಬೇಕೆನಿಸಿತು. ನನ್ನ ಹತ್ತಿರ ಇದ್ದ ಸರಕೆಂದರೆ ಅದೊಂದೇ.

"ಅಳ್ಬೇಡ ಕಣೇ. ನಿನ್ ಕಾರ್ಡು ಆ ಕಂಪನಿಯವರನ್ನ ಹೆಂಗ್ ಅಲ್ಲಾಡಿಸಿಬಿಟ್ಟಿದೆ ಗೊತ್ತಾ? ಮೂರು ಸಲ ಫೋನ್ ಮಾಡಿದ್ರು. ಮೂರು ಸಲಾನೂ ಕುಣಿಸಿ ಕಳಿಸಿದೀನಿ."

ಅವಳ ಕೈಯಲ್ಲಿದ್ದ ಬಟ್ಟೆ ನಿಂತಿತು. "ಏನ್ ಕೇಳಿದ್ರು?"

"ಕಾರ್ಡು ಬರೆದವರ ಹತ್ರ ಮಾತಾಡ್ಬೇಕಂತೆ."

"ನೀನು ಏನಂದೆ?"

"ಊರಲ್ಲಿಲ್ಲ ಅಂದೆ."

ಅವಳು ನನ್ನನ್ನೇ ನೋಡಿದಳು. ಬಹಳ ಮೆಲ್ಲಗೆ, ಚಿಕ್ಕ ಮಗುವಿಗೆ ಬಿಡಿಸಿ ಹೇಳುವಂತೆ, ಹೇಳಿದಳು:

"ಮಾಮ. ಬರೆದವಳು ನಾನು. ಚೌಕಾಸಿಗಾದ್ರೆ ಅಂಗಡಿಯವರನ್ನ ಕೇಳ್ತಾರೆ. ಬರೆದವರನ್ನ ಯಾಕೆ ಕೇಳ್ತಾರೆ?"

ಮೂವತ್ತೈದು ವರ್ಷದಲ್ಲಿ ಕೊಳ್ಳಲು ಬಂದವನನ್ನು ಮಾರಲು ಬಂದವನೆಂದು ಒಮ್ಮೆಯೂ ತಪ್ಪು ತಿಳಿದವನಲ್ಲ ನಾನು. ಆ ಹೆಂಗಸು ಕೊಳ್ಳಲು ಬಂದಿದ್ದಳು. ಮೂರು ಸಲ ಬಾಗಿಲಿಗೆ ಬಂದಿದ್ದಳು. ಮೂರು ಸಲವೂ ಷಟರ್ ಎಳೆದವನು ನಾನು.

"ನಂಬರ್ ಎಲ್ಲಿ?" ಎಂದಳು.

ಅಂಗಡಿಯದು ಹಳೆಯ ಫೋನು, ಅದಕ್ಕೆ ಯಾರ ನಂಬರೂ ನೆನಪಿರುವುದಿಲ್ಲ. ಆಮೇಲೆ ಹೊಳೆಯಿತು. ಸ್ಟೂಲಿನ ಮೇಲೆ ಟೈಲರ್ ಮಾಸ್ಟರ್ ಕೂತು ಟೀ ಕುಡಿಯುತ್ತಿದ್ದರು.

"ಮಾಸ್ಟರ್, ಏಳಿ!"

"ಯಾಕ್ರೀ? ಗಿರಾಕಿಗೆ ಕೂರೋಕೂ..."

"ಏಳ್ರೀ ಮೊದ್ಲು!"

ಸ್ಟೂಲಿನ ಕಾಲಿನ ಕೆಳಗಿಂದ ಆ ಕಾರ್ಡು ಎಳೆದು, ಮಡಿಕೆ ಬಿಡಿಸಿ, ಧೂಳು ಒರೆಸಿದೆ. ಒಂದು ಅಂಕಿ ಸವೆದು ಮೂರೋ ಎಂಟೋ ಗೊತ್ತಾಗುತ್ತಿರಲಿಲ್ಲ. ಆದ್ರಮ್ಮ ಅದನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದಳು. "ಎಂಟು" ಎಂದಳು. ಫೋನು ಮಾಡಿದಳು. ಟೈನವನು ಎತ್ತಿ, ಆ ಮೇಡಂಗೆ ದಾಟಿಸಿದ. ಇವಳು ಹೂಂ, ಹೌದು, ನಾನೇ, ಇಲ್ಲ, ಊರಲ್ಲೇ ಇದ್ದೆ ಎನ್ನುವುದಷ್ಟೇ ನನಗೆ ಕೇಳಿಸಿತು. ಊರಲ್ಲೇ ಇದ್ದೆ ಎನ್ನುವಾಗ ನನ್ನ ಕಡೆ ನೋಡಿದಳು.

ಫೋನಿಟ್ಟು ಹೇಳಿದಳು: "ತಪ್ಪು ಹುಡುಕೋ ಕೆಲಸಕ್ಕೆ ಒಬ್ಬರು ಬೇಕಂತೆ. ನನಗೋಸ್ಕರ ಒಂದು ವಾರ ಕಾದು, ನಿನ್ನೆ ಬೇರೆ ಇಬ್ಬರನ್ನ ಕರೆದರಂತೆ. ಬೇಕಾದ್ರೆ ಮೂರನೆಯವಳಾಗಿ ಬಾ ಅಂದ್ರು."

"ಯಾವಾಗ?"

"ನಾಳೆ ಹತ್ತು ಗಂಟೆಗೆ."

ನಾಳೆ ಒಂದನೇ ತಾರೀಖು. ಒಂಬತ್ತಕ್ಕೆ ಗೋದಾಮು.

ಸಂಜೆ ಅಂಗಡಿ ಬೇಗ ಮುಚ್ಚಿ ಅವಳ ಜೊತೆ ಅಕ್ಕನ ಮನೆಗೆ ಹೋದೆ. ಮಾಡಿದ್ದನ್ನು ಭಾವನ ಮುಂದೆ ಒಪ್ಪಿಸುವುದು ನನ್ನ ಪಾಲಿನ ಶಿಕ್ಷೆ. ಅಕ್ಕ ಪೂರ್ತಿ ಕೇಳಿ, "ನಿನ್ನ ಬುದ್ಧಿ ನಿನ್ನ ಗುಂಡಿಗಳಷ್ಟೇ ದೊಡ್ಡದು ಕಣೋ. ನಾಲ್ಕು ತೂತು ಬೇರೆ" ಎಂದಳು. ಚಿಕ್ಕಂದಿನಿಂದ ಅವಳು ಹೀಗೆಯೇ, ಅಳತೆ ಸರಿಯಾಗಿರುತ್ತದೆ.

ಭಾವ ಚಪ್ಪಲಿ ಬಿಚ್ಚುವುದನ್ನು ಮುಗಿಸಿ, ಕೂತು, ಹೇಳಿದರು: "ಮ್ಯಾನೇಜರಿಗೆ ಮಾತು ಕೊಟ್ಟಿದೀನಿ."

"ಭಾವ, ತಪ್ಪು ನಂದು. ಅವಳದ್ದಲ್ಲ."

"ಯಾರದ್ದಾದ್ರೇನು. ಗೇಟು ತೆಗೀಬೇಕು, ಲಾರಿ ಬರುತ್ತೆ, ಬರೆಯೋರು ಬೇಕು."

ಆದ್ರಮ್ಮ ಒಳಗೆ ಹೋಗಿ ಒಂದು ಕಾರ್ಡು ತಂದಳು. ಅಕ್ಷರ ಚೆನ್ನಾಗಿ ಬರಲಿಲ್ಲ ಎಂದು ತೆಗೆದಿಟ್ಟು ಮತ್ತೊಂದು ಬರೆದಿದ್ದಳಂತೆ. ಮೂವತ್ತೇಳರಲ್ಲಿ ಸೇರದ ಆ ಕಾರ್ಡು ಮನೆಯಲ್ಲಿ ಉಳಿದಿತ್ತು. ಅಪ್ಪನ ಕೈಗೆ ಕೊಟ್ಟಳು. ಆದ್ರೆ ಎನ್ನಲಿಲ್ಲ.

ಭಾವ ಕನ್ನಡಕ ಹಾಕಿಕೊಂಡು ಓದಿದರು. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಗುಂಡಿಯ ಮೇಲೆ ಬೆರಳಾಡಿಸಿದರು. ಇನ್ನೊಮ್ಮೆ ಓದಿದರು. ಇಪ್ಪತ್ತೆಂಟು ವರ್ಷ ಒಂದೊಂದೇ ಸಾಲು ಬರೆದು ಬದುಕಿದ ಮನುಷ್ಯ ಆತ. ಸಾಲು ಸರಿಯಾಗಿದೆಯೋ ಇಲ್ಲವೋ ಎಂದು ಆತನಿಗೆ ಇನ್ನೊಬ್ಬರು ಹೇಳಬೇಕಾಗಿಲ್ಲ.

"ಇದರಲ್ಲಿ ಒಂದು ಪದಾನೂ ಜಾಸ್ತಿ ಇಲ್ಲ" ಎಂದರು.

ನಮ್ಮ ಮನೆತನದಲ್ಲಿ ಇಷ್ಟು ದೊಡ್ಡ ಹೊಗಳಿಕೆ ಅದಕ್ಕೆ ಮುಂಚೆ ಯಾರಿಗೂ ಸಿಕ್ಕಿರಲಿಲ್ಲ.

"ನಾಳೆ ನನಗೆ ರಜಾ ಇದೆ. ಹೊಸ ಗೇಟಲ್ಲಿ ನಾನೇ ಕೂರ್ತೀನಿ. ಒಂದು ದಿನ. ಆಗಲಿಲ್ಲ ಅಂದ್ರೆ ನಾಡಿದ್ದು ಒಂಬತ್ತಕ್ಕೆ ನೀನು."

ಮರುದಿನ ನಾನೂ ಜೊತೆಗೆ ಹೋದೆ. ಬೇಡ ಎಂದಳು, ಆದರೂ ಹೋದೆ. ಎರಡನೇ ಮಹಡಿಯ ಪುಟ್ಟ ಆಫೀಸು, ಕೆಳಗೆ ಕನ್ನಡಕದಂಗಡಿ. ಬಾಗಿಲ ಹತ್ತಿರದ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವೂ ಸಂದರ್ಶನಕ್ಕಾ ಸಾರ್?" ಎಂದಳು.

"ಅನುಭವ ಜಾಸ್ತಿಯಾಯ್ತು ಅಂತ ಬಿಟ್ಟುಬಿಟ್ರು" ಎಂದು ಕುರ್ಚಿಯಲ್ಲಿ ಕೂತೆ.

ಒಳಗಿನ ಕೋಣೆಗೆ ಗಾಜಿನ ಗೋಡೆ. ಮಾತು ಕೇಳಿಸುವುದಿಲ್ಲ, ಎಲ್ಲ ಕಾಣಿಸುತ್ತದೆ. ಎದುರು ಗೋಡೆಗೆ ನಮ್ಮ ಮೂವತ್ತೇಳು ಕಾರ್ಡುಗಳನ್ನು ಸಾಲಾಗಿ ಅಂಟಿಸಿದ್ದರು. ಕೆಲವುಗಳ ಮೇಲೆ ಹಸಿರು ಗೀಟು, ರಿಪೇರಿಯಾದವು ಇರಬೇಕು. ನನ್ನ ಅಂಗಡಿಯ ಒಂದು ತುಂಡೇ ಅಲ್ಲಿಗೆ ಎದ್ದು ಹೋಗಿ ಕೂತ ಹಾಗಿತ್ತು. ನರೆಗೂದಲನ್ನು ಗಿಡ್ಡ ಕತ್ತರಿಸಿಕೊಂಡ ಹೆಂಗಸು, ಅವಳೇ ಫೋನಿನ ಮೇಡಂ ಇರಬೇಕು, ಆ ಎರಡು ಬಿಳಿಯ ಕಾರ್ಡನ್ನು ಕಿತ್ತು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿದ್ದ ಗಡ್ಡದವನು ದೀಪದ ಕೆಳಗೆ ಅದನ್ನು ನೋಡಿ ತಲೆ ಅಡ್ಡಡ್ಡ ಆಡಿಸಿದ. ಎರಡೂ ಒಂದೇ ಬಿಳಿ ಎನ್ನುತ್ತಿದ್ದಾನೆ. ಅದು ನನಗೆ ಕಿವಿಯಿಂದ ಕೇಳಬೇಕಾಗಿರಲಿಲ್ಲ.

ನಾನು ಕುರ್ಚಿಯ ಅಂಚಿಗೆ ಬಂದೆ. "ಕಿಟಕಿಗೆ ಕಣೇ, ಕಿಟಕಿಗೆ" ಎಂದು ಬಾಯಲ್ಲೇ ಅಂದುಕೊಂಡೆ.

ಆದ್ರಮ್ಮ ಎದ್ದಳು. ಕಾರ್ಡು ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ, ಪರದೆ ಸರಿಸಿ, ಬಿಸಿಲಿಗೆ ಹಿಡಿದಳು. ಗಡ್ಡದವನು ಹೋದ, ಬಗ್ಗಿ ನೋಡಿದ, ಕಾರ್ಡನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ನೋಡಿದ. ಮೇಡಂ ನಕ್ಕಳು. ಗಡ್ಡದವನು ತನ್ನ ಅಂಗಿಯ ಗುಂಡಿಗಳನ್ನೂ ಒಮ್ಮೆ ನೋಡಿಕೊಂಡ. ಮೇಲಿನ ಎರಡು ಬೇರೆ ಬಿಳಿ. ಅವನು ನನ್ನ ಮುಂದೆ ಹಾದು ಒಳಗೆ ಹೋದಾಗಲೇ ಗಮನಿಸಿದ್ದೆ.

ಬಸ್ಸಿನಲ್ಲಿ ವಾಪಸ್ ಬರುವಾಗ ಕೇಳಿದೆ: "ಎಲ್ಲಾ ಮುಗಿದ ಮೇಲೆ ಅದೇನೋ ಇನ್ನೊಂದು ಕಾರ್ಡು ತೋರಿಸ್ತಾ ಇದ್ದೆಯಲ್ಲ, ಏನದು?"

"ಇಪ್ಪತ್ತೊಂಬತ್ತನೇದು. ಅದು ಅವರ ತಪ್ಪಲ್ಲ, ನಂದು. ನಾನೇ ಡಬ್ಬದ ನಂಬರ್ ತಪ್ಪು ಒತ್ತಿದ್ದೆ, ಆಮೇಲೆ ಗೊತ್ತಾಯ್ತು. ಅದನ್ನ ತೆಗೆದುಬಿಡಿ, ಮೂವತ್ತಾರೇ ಅಂದೆ."

"ಅಯ್ಯೋ ಪೆದ್ದೀ! ಸ್ವಂತ ಸರಕಿನ ಹುಳುಕನ್ನ ಗಿರಾಕಿಗೆ ಯಾರಾದ್ರೂ ತೋರಿಸ್ತಾರೇನೇ? ಅವರು ಕೇಳಿದ್ರಾ?"

"ಕೇಳಲಿಲ್ಲ. ಆದ್ರೆ ತಪ್ಪು ತಪ್ಪೇ ಅಲ್ವಾ?"

ಮುಗಿಯಿತು ಕಥೆ ಎಂದುಕೊಂಡು ಕಿಟಕಿಯಾಚೆ ನೋಡುತ್ತಾ ಕೂತೆ.

ಉತ್ತರ ಒಂದು ವಾರದಲ್ಲಿ ಹೇಳುತ್ತೇವೆ ಎಂದಿದ್ದರು. ಎರಡನೇ ತಾರೀಖು ಅವಳು ಅಪ್ಪನ ಜೊತೆ ಗೋದಾಮಿಗೆ ಹೋಗಿ ಗೇಟಿನಲ್ಲಿ ಕೂತಳು. ನಾನು ಇಲ್ಲಿ ಫೋನಿನ ಪಕ್ಕ ಕೂತೆ. ಅವಳು ತನ್ನ ನಂಬರ್ ಕೊಟ್ಟು ಬಂದಿದ್ದಳು, ಅಂಗಡಿಗೆ ಯಾರೂ ಮಾಡುವವರಿರಲಿಲ್ಲ. ಆದರೂ ಫೋನು ಬಡಿದರೆ ಮೊದಲ ರಿಂಗು ಮುಗಿಯುವ ಮುಂಚೆಯೇ ಎತ್ತಿ, "ಇದ್ದೀನಿ, ಊರಲ್ಲೇ ಇದ್ದೀನಿ, ಹೇಳಿ!" ಎನ್ನುತ್ತಿದ್ದೆ. ನೂಲು ಸರಬರಾಜಿನವನು ಗಾಬರಿಯಾಗಿ, "ಸಾಹುಕಾರ್ರೇ, ಹುಷಾರಾಗಿದೀರಾ?" ಎಂದು ವಿಚಾರಿಸಿದ.

ಮೂರನೇ ಸಂಜೆ ಭಾವ ತಾವೇ ಅಂಗಡಿಗೆ ಬಂದರು. ಅಪರೂಪ.

"ನೋಡಯ್ಯ, ನಮ್ಮ ರಿಜಿಸ್ಟರಲ್ಲಿ ಲಾರಿ ಒಳಗೆ ಬಂದ ಟೈಮ್ ಬರೀತೀವಿ. ಹೊರಗೆ ಹೋದ ಟೈಮ್ ಬರೆಯೋಕೆ ಜಾಗಾನೇ ಇಲ್ಲವಂತೆ. ಇಪ್ಪತ್ತೆಂಟು ವರ್ಷದಲ್ಲಿ ಬಂದ ಲಾರಿಗಳೆಲ್ಲ ಅವಳ ಲೆಕ್ಕದಲ್ಲಿ ಇನ್ನೂ ಒಳಗೇ ಇವೆ."

"ನೀವೇನಂದ್ರಿ?"

"ಏನನ್ನಲಿ? ಸರಿಯಾಗೇ ಇದೆ." ಸ್ಟೂಲನ್ನು ಅಲ್ಲಾಡಿಸಿ ನೋಡುತ್ತಾ ಹೇಳಿದರು: "ಅವಳಿಗೆ ಆ ಕೆಲಸ ಸಿಗಬೇಕು ಕಣಯ್ಯ. ಇಲ್ಲಾಂದ್ರೆ ನಮ್ ಮ್ಯಾನೇಜರ್ ಸಾಯ್ತಾನೆ."

ಐದನೇ ದಿನ ಹನ್ನೊಂದು ಗಂಟೆಗೆ ಫೋನು. ಹಿಂದೆ ಲಾರಿಯೊಂದು ಒಂದೇ ಸಮನೆ ಹಾರನ್ ಹೊಡೆಯುತ್ತಿತ್ತು.

"ಮಾಮ! ತಗೊಂಡ್ರು! ಆರು ತಿಂಗಳು ಟ್ರಯಲ್, ಆಮೇಲೆ ಕಾಯಂ. ಹದಿನೈದಕ್ಕೆ ಸೇರ್ಬೇಕು!"

"ಆ ಇಪ್ಪತ್ತೊಂಬತ್ತನೇ ಕಾರ್ಡು..."

"ಅದಕ್ಕೇ ತಗೊಂಡಿದ್ದಂತೆ! ಮೂವತ್ತಾರನ್ನ ಯಾರಾದ್ರೂ ಹುಡುಕ್ತಾರೆ ಅಂದ್ರು ಮೇಡಂ... ರೀ ಸ್ವಲ್ಪ ತಡೀರಿ, ಬಂದೆ, ಟೈಮ್ ಬರ್ಕೊಳ್ಬೇಕು! ಮಾಮ, ಇಡ್ತೀನಿ!"

ನಾನು ಕೇಳಿದ್ದು ಒಂದು ತಿಂಗಳ ಟ್ರಯಲ್. ಅವರು ನನ್ನ ಸೋದರಸೊಸೆಯನ್ನೇ ಆರು ತಿಂಗಳು ಟ್ರಯಲ್ಲಿಗೆ ತೆಗೆದುಕೊಂಡರು. ಚೌಕಾಸಿಯಲ್ಲಿ ಗೆದ್ದವರು ಯಾರು ಎಂದು ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

ಈಗ ಅವಳು ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಹಿಂದಿನ ಮೇಜಿನ ಮೇಲೆ ಲೇಸಿನ ಸುರುಳಿಗಳು ಮತ್ತೆ ಹರಡಿವೆ, ನಾನೇನೂ ತಡೆದಿಲ್ಲ. ಸಾಫ್ಟ್‌ವೇರಿಗೆ ಹನ್ನೊಂದು ಬಿಳಿಯೂ ಗೊತ್ತಾಗಿದೆಯಂತೆ. ವಾರಕ್ಕೊಮ್ಮೆ ಬರುವಾಗ ಖಾಲಿ ಗುಂಡಿ ಕಾರ್ಡು ಒಂದು ಕಟ್ಟು ಒಯ್ಯುತ್ತಾಳೆ. ಆಫೀಸಿನಲ್ಲಿ ಎಲ್ಲರೂ ಈಗ ಅದರಲ್ಲೇ ಬರೆಯುತ್ತಾರಂತೆ, ಗಡ್ಡದವನು ಮಾತ್ರ ಸೂಜಿಯಲ್ಲಿ ಬೆರಳು ಚುಚ್ಚಿಕೊಳ್ಳುತ್ತಾನಂತೆ.

ನಿನ್ನೆ ಅಂಗಡಿಯ ಫೋನು ಬಡಿಯಿತು. ಬಹಳ ಗಂಭೀರವಾದ ಹೆಂಗಸಿನ ದನಿ.

"ನಮಸ್ಕಾರ. ಸಾಫ್ಟ್‌ವೇರ್ ಕಂಪನಿಯಿಂದ. ನೀವು ತೋರಿಸಿದ ತಪ್ಪುಗಳೆಲ್ಲ ರಿಪೇರಿಯಾಗಿವೆ. ಟ್ರಯಲ್ ಯಾವತ್ತೋ ಮುಗಿದಿದೆ. ಖರೀದಿ ವಿಷಯ ಮಾತಾಡಬೇಕಿತ್ತು. ಯಜಮಾನರು ಇದ್ದಾರಾ?"

ದನಿ ಯಾರದೆಂದು ಮೊದಲ ಪದಕ್ಕೇ ಗೊತ್ತಾಗಿತ್ತು.

"ಊರಲ್ಲಿಲ್ಲ ಮೇಡಂ" ಎಂದೆ. "ಇನ್ನೆರಡು ಸಲ ಮಾಡಿ ನೋಡಿ."